ದುಭಾಷಿ ನುಂಗಿದ ಮಾತು

"ಆ ಕುರ್ಚಿಗೆ ಇನ್ನೂ ಜ್ವರ ಬಿಟ್ಟಿಲ್ಲ, ಕೂರಬೇಡಿ," ಎಂದು ಯಾರೋ ಹಿಂದಿನಿಂದ ನಮ್ಮ ಮಾತಿನಲ್ಲೇ ಹೇಳಿದರು.

ಕೂರಲು ಹೊರಟಿದ್ದ ನಾನು ಅರ್ಧಕ್ಕೇ ನಿಂತೆ. ಲೈಬ್ರರಿಯ ಮೇಲಿನ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಅದುವರೆಗೆ ಯಾರೂ ನನ್ನೊಡನೆ ನಮ್ಮ ಮಾತಿನಲ್ಲಿ ಮಾತಾಡಿರಲಿಲ್ಲ. ತಿರುಗಿ ನೋಡಿದರೆ, ಕಿಟಕಿಯ ಕೆಳಗೆ ಹತ್ತಾರು ಕುರ್ಚಿಗಳನ್ನು ತಲೆಕೆಳಗಾಗಿ ಮಲಗಿಸಿಕೊಂಡು ಒಬ್ಬ ಬಡಗಿ ನೆಲದ ಮೇಲೆ ಕೂತಿದ್ದ. ಕಿವಿಯ ಸಂದಿಯಲ್ಲಿ ಪೆನ್ಸಿಲು, ಹುಬ್ಬಿನ ಮೇಲೆ ಮರದ ಹೊಟ್ಟು.

"ನಾನು ನಮ್ಮ ಕಡೆಯೋಳು ಅಂತ ಹೇಗೆ ಗೊತ್ತಾಯ್ತು?"

"ಮೆಟ್ಟಿಲು ಹತ್ತೋವಾಗ ಫೋನಲ್ಲಿ ಅಪ್ಪನ್ನ ಬೈತಿದ್ರಲ್ಲ, ಮಾತ್ರೆ ನುಂಗಿಲ್ಲ ಅಂತ. ಎರಡು ವರ್ಷ ಆಗಿತ್ತು, ಇಷ್ಟು ಚೆನ್ನಾಗಿ ಬೈಯೋದು ಕೇಳಿ."

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮೊದಲೇ ಕಿರಿದಾಗುತ್ತಿತ್ತು. ಅದನ್ನು ನಾನು ಮೊದಲ ದಿನವೇ ಗಮನಿಸಿದೆ. ಗಮನಿಸಿದ್ದು ಅವನಿಗೆ ತಿಳಿಯಬಾರದೆಂದು ಚೀಲದಲ್ಲಿ ಇಲ್ಲದ ಪೆನ್ನನ್ನು ಬಹಳ ಹೊತ್ತು ಹುಡುಕಿದೆ.

"ಟೀಚರ್ರಾ ನೀವು?"

"ಅಲ್ಲ. ಶನಿವಾರ ಬೆಳಗ್ಗೆ ಬಂದು ಹೊಸಬರ ಜತೆ ಇಲ್ಲಿನ ಭಾಷೇಲಿ ಮಾತಾಡ್ತೀನಿ. ಅಷ್ಟೇ."

"ಬರೀ ಮಾತಾಡೋದಾ? ನನಗೆ ಮೊಳೆ, ಸ್ಕ್ರೂ, ಅಳತೆ, ಇಷ್ಟು ಬರುತ್ತೆ. ಅದರಾಚೆ ಹೋದ್ರೆ ಬಾಯಿ ಒಣಗುತ್ತೆ."

"ಹಾಗಾದ್ರೆ ಬಂದು ಕೂತ್ಕೊಳ್ಳಿ."

"ಯಾವ ಕುರ್ಚಿ ಮೇಲೆ?" ಎಂದು ಸುತ್ತ ನೋಡಿದ. ಎಲ್ಲವನ್ನೂ ಅವನೇ ಬಿಚ್ಚಿ ಹಾಕಿದ್ದ.

ಆ ದಿನ ಇಡೀ ಕ್ಲಾಸು ನೆಲದ ಮೇಲೆ ಕೂತು ನಡೆಯಿತು. ಬಸ್ ಓಡಿಸುವ ಮಾಜಿ ಪ್ರೊಫೆಸರ್, ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಅಕ್ಕತಂಗಿ, ಇನ್ನೂ ಏಳೆಂಟು ಮಂದಿ. ಅವರಲ್ಲಿ ಒಂದೇ ದೇಶದವರು ಅಂತ ಇದ್ದದ್ದು ಆ ಅಕ್ಕತಂಗಿಯರು ಮಾತ್ರ. ಕ್ಲಾಸು ಶುರುಮಾಡಿದ್ದ ಲೈಬ್ರರಿ ಮೇಡಂ ಹುಟ್ಟಿದ್ದೇ ಆ ಬೀದಿಯಲ್ಲಿ. ಬಂದವರ ಹೆಸರುಗಳನ್ನು ಸರಿಯಾಗಿ ಉಚ್ಚರಿಸಬೇಕೆಂದು ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬರುವಂಥ ಹೆಂಗಸು.

ಕುರ್ಚಿಗಳ ಕೆಲಸ ಎರಡೇ ವಾರದಲ್ಲಿ ಮುಗಿಯಬೇಕಿತ್ತು. ಒಂದು ಕುರ್ಚಿ ಮಾತ್ರ ಐದು ವಾರವಾದರೂ ಗುಣವಾಗಲಿಲ್ಲ. ಬಡಗಿ ಪ್ರತಿ ಶನಿವಾರ ಅದನ್ನು ನೋಡಲು ಬರುತ್ತಿದ್ದ, ಕಾಲು ಬಿಚ್ಚುತ್ತಿದ್ದ, ತಲೆಯಾಡಿಸುತ್ತಿದ್ದ, ಕ್ಲಾಸಿನಲ್ಲಿ ಕೂರುತ್ತಿದ್ದ. ಲೈಬ್ರರಿ ಮೇಡಂ ಒಮ್ಮೆ ನನ್ನ ಕಿವಿಯಲ್ಲಿ, "ಕಾಯಿಲೆ ಕುರ್ಚಿಗೋ ಬಡಗಿಗೋ?" ಎಂದರು. ನಾನು ಕೇಳಿಸದವಳಂತೆ ಬೋರ್ಡು ಒರೆಸಿದೆ.

ನನ್ನ ಬಗ್ಗೆ ಇಷ್ಟು ಹೇಳಬೇಕು. ಅಪ್ಪನ ಕೈ ಹಿಡಿದು ಈ ಊರಿಗೆ ಬಂದಾಗ ನನಗೆ ಹತ್ತು ವರ್ಷ. ಮೂರೇ ವರ್ಷದಲ್ಲಿ ಇಲ್ಲಿನ ಮಕ್ಕಳ ಹಾಗೇ ಮಾತಾಡಲು ಕಲಿತೆ. ಫೋನಿನಲ್ಲಿ ನನ್ನ ದನಿ ಕೇಳಿದವರು ನನ್ನನ್ನು ಹೊರಗಿನವಳು ಎನ್ನಲಾರರು. ಅದು ನನ್ನ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆ ದನಿಯಿಂದಲೇ ಅನ್ನ ಸಂಪಾದಿಸುತ್ತಿದ್ದೆ. ವಲಸೆ ಕಚೇರಿಗೆ ನಾನು ದುಭಾಷಿ. ಅಡುಗೆಮನೆಯ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತರೆ, ಎಲ್ಲೋ ಒಂದು ಕೋಣೆಯಲ್ಲಿ ಅಧಿಕಾರಿ ಕೇಳಿದ್ದನ್ನು ನಮ್ಮವರಿಗೂ, ನಮ್ಮವರು ಹೇಳಿದ್ದನ್ನು ಅಧಿಕಾರಿಗೂ ದಾಟಿಸುವುದು. ನನ್ನ ಮುಖ ಅವರಿಗೆ ಕಾಣದು, ಅವರ ಮುಖ ನನಗೆ ಕಾಣದು. ಹೆಸರೂ ಇರುವುದಿಲ್ಲ, ಬರೀ ಒಂದು ನಂಬರು.

ಈ ಕೆಲಸದ ವಿಷಯವನ್ನು ಕ್ಲಾಸಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಹೇಳಬಾರದೆಂಬ ನಿಯಮವಿತ್ತು. "ಆಫೀಸು ಕೆಲಸ" ಎನ್ನುತ್ತಿದ್ದೆ.

ಆರನೇ ವಾರದ ಪಾಠ, ಮನೆಮಂದಿ.

ಸರದಿ ಬಂದಾಗ ಬಡಗಿ ಎದ್ದು ನಿಂತ. ಕೂತೇ ಹೇಳಬಹುದು ಎಂದರೂ ನಿಂತೇ ಹೇಳುತ್ತಿದ್ದ. "ನನಗೆ ಅಮ್ಮ ಇದ್ದಾರೆ," ಎಂದು ಇಲ್ಲಿನ ಭಾಷೆಯಲ್ಲಿ ಒಂದೊಂದೇ ಪದ ಜೋಡಿಸಿದ. "ಹೆತ್ತ ಅಮ್ಮ ಅಲ್ಲ. ಹೆತ್ತ ಅಮ್ಮ ಸತ್ತರು, ನನಗೆ ಎರಡು ವರ್ಷ. ಅವರ ತಂಗಿ ನನ್ನ ಅಮ್ಮ. ಈಗ ದೂರ, ಶಿಬಿರದಲ್ಲಿ." ಅಲ್ಲಿಗೆ ಪದಗಳು ಮುಗಿದವು. ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಕೇಳಿದ:

"ಹೆತ್ತೋಳಿಗಿಂತ ಹೆಚ್ಚಾಗಿ ಸಾಕಿದಾಳೆ ಅನ್ನೋದನ್ನ ಇವರ ಭಾಷೇಲಿ ಹೇಗೆ ಹೇಳೋದು, ಟೀಚರ್?"

ನನ್ನ ಕೈಯಲ್ಲಿದ್ದ ಚಾಕ್‌ಪೀಸ್ ಎರಡು ತುಂಡಾಯಿತು.

ಆ ವಾಕ್ಯವನ್ನು ನಾನು ಹಿಂದೆ ಕೇಳಿದ್ದೆ. ಅದೇ ದನಿಯಲ್ಲಿ, ಅದೇ ಎಳೆತದಲ್ಲಿ, ಹೆಡ್‌ಫೋನಿನೊಳಗೆ. ಆರು ವಾರ ಪಕ್ಕದಲ್ಲಿ ಕೂತು ಹರಟಿದರೂ ಗುರುತು ಸಿಗದ ದನಿ ಆ ಒಂದು ವಾಕ್ಯದಲ್ಲಿ ಸಿಕ್ಕಿತು.

ಬೋರ್ಡಿನ ಮೇಲೆ ಬರೆದುಕೊಟ್ಟೆ. ಒಂದೇ ಸಾಲು. ಅಕ್ಕತಂಗಿಯರು ಓದಿ ಸುಲಭವಾಗಿದೆ ಎಂದರು. ಸುಲಭವಾಗಿಯೇ ಇತ್ತು.

"ಅವರನ್ನ ಕರೆಸ್ಕೊಳ್ಳೋಕೆ ಅರ್ಜಿ ಹಾಕಿದ್ದೆ," ಎಂದ, ಕ್ಲಾಸು ಮುಗಿದು ಮೆಟ್ಟಿಲು ಇಳಿಯುವಾಗ. "ಕೊಡಲ್ಲ ಅಂದ್ರು. ನನ್ನ ಹೇಳಿಕೆಗಳು ಒಂದಕ್ಕೊಂದು ತಾಳೆ ಆಗಲ್ವಂತೆ. ಅಂದ್ರೆ ಸುಳ್ಳುಗಾರ ಅಂತ. ಎಲ್ಲಿ ತಾಳೆ ತಪ್ಪಿತು ಅಂತ ಕೂತು ಯೋಚಿಸ್ತೀನಿ, ತಲೆಗೇ ಹೊಳೆಯಲ್ಲ."

ನನಗೆ ಹೊಳೆದಿತ್ತು. ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು, "ಪಾಪ," ಎಂದೆ. ಆ ಪದ ಬಾಯಿಂದ ಹೊರಬಿದ್ದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅದು ನಡೆದದ್ದು ಹೀಗೆ, ಒಂದು ವರ್ಷಕ್ಕೂ ಹಿಂದೆ.

ಅವನ ವಿಚಾರಣೆಗೆ ಒಂದು ತಿಂಗಳ ಮೊದಲು ನನ್ನ ಮೇಲೆ ದೂರು ಬಂದಿತ್ತು. ಬೇರೊಂದು ವಿಚಾರಣೆಯಲ್ಲಿ ಒಬ್ಬ ಮುದುಕರು, ಮನೆ ಸುಟ್ಟದ್ದು "ಮೊನ್ನೆ ಮೊನ್ನೆ" ಎಂದಿದ್ದರು. ಅಧಿಕಾರಿ ಎರಡು ದಿನದ ಹಿಂದೆ ಎಂದು ಬರೆದುಕೊಳ್ಳಲು ಹೊರಟಾಗ ನಾನು ತಡೆದು, ನಮ್ಮಲ್ಲಿ ಮೊನ್ನೆ ಮೊನ್ನೆ ಎಂದರೆ ಎರಡು ವರ್ಷವೂ ಆಗಿರಬಹುದು ಎಂದು ವಿವರಿಸಿದೆ. ಕೇಳದೆ ವಿವರಿಸಿದ್ದು ತಪ್ಪಾಯಿತು. ನಮ್ಮ ಮೇಲ್ವಿಚಾರಕಿ ಕರೆದು ಕೂರಿಸಿ, ಬಹಳ ಮೆತ್ತಗೆ ಹೇಳಿದಳು: "ನಿಮ್ಮವರ ಮೇಲೆ ನಿಮಗೆ ಮಮತೆ ಇರುವುದು ಸಹಜ. ಆದರೆ ನೀವು ಅವರ ವಕೀಲೆಯಲ್ಲ. ಇನ್ನೊಮ್ಮೆ ಹೀಗಾದರೆ ಪಟ್ಟಿಯಿಂದ ತೆಗೆಯಬೇಕಾಗುತ್ತದೆ."

ಕೆಲಸ ಹೋಗುವ ಭಯ ಒಂದು ಕಡೆ. ಆದರೆ ನನಗೆ ಚುಚ್ಚಿದ್ದು "ನಿಮ್ಮವರು" ಎಂಬ ಮಾತು. ಇಪ್ಪತ್ತು ವರ್ಷ ಇಲ್ಲೇ ಬೆಳೆದು, ಇಲ್ಲೇ ಓದಿ, ಇಲ್ಲಿಯ ತೆರಿಗೆ ಕಟ್ಟಿದ ಮೇಲೂ ನನ್ನನ್ನು ಅಳೆಯುವ ಗಜಕಡ್ಡಿ ಬೇರೆಯೇ ಇತ್ತು. ಸರಿ, ಇನ್ನು ಮೇಲೆ ಯಾರೂ ಬೆರಳು ತೋರಿಸದ ಹಾಗೆ ಇರುತ್ತೇನೆ ಎಂದುಕೊಂಡೆ.

ಆಗ ಬಂದದ್ದು ಅವನ ವಿಚಾರಣೆ. ಆ ದಿನದ ಮೂರನೆಯದು.

"ಅಮ್ಮ ಶಿಬಿರದಲ್ಲಿ ಒಬ್ಬಳೇ ಇದಾಳೆ," ಎಂದ. ನಾನು ದಾಟಿಸಿದೆ. ಆ ತುದಿಯಲ್ಲಿ ಹಾಳೆ ಮಗುಚಿದ ಸದ್ದು. ಅಧಿಕಾರಿ ಪಕ್ಕದವರಿಗೆ ತಗ್ಗಿದ ದನಿಯಲ್ಲಿ, "ಹಳೆಯ ಹೇಳಿಕೆಯಲ್ಲಿ ತಾಯಿ ತೀರಿಕೊಂಡಿದ್ದಾರೆ ಅಂತ ಇದೆಯಲ್ಲ," ಎಂದದ್ದು ನನಗೆ ಕೇಳಿಸಿತು. "ಇದನ್ನು ಅವರಿಗೆ ಹೇಳಲೇ?" ಎಂದು ಕೇಳಿದೆ. "ಬೇಡ, ಮುಂದುವರಿಸಿ."

ಅಷ್ಟರಲ್ಲಿ ಅವನೇ, ಯಾರೂ ಕೇಳದೆ, ಆ ವಾಕ್ಯ ಹೇಳಿದ. ಹೆತ್ತೋಳಿಗಿಂತ ಹೆಚ್ಚಾಗಿ ಸಾಕಿದಾಳೆ.

ಆ ಕ್ಷಣಕ್ಕೆ ನನಗೆ ಎಲ್ಲ ತಿಳಿಯಿತು. ಚಿಕ್ಕಮ್ಮನನ್ನು ಅಮ್ಮ ಎನ್ನುತ್ತಿದ್ದಾನೆ, ಸುಳ್ಳಿಲ್ಲ, ಗೊಂದಲವಿಲ್ಲ. ಇದ್ದದ್ದನ್ನು ಇದ್ದ ಹಾಗೆ ದಾಟಿಸಿದ್ದರೆ ಸಾಕಿತ್ತು, ಅಧಿಕಾರಿ ಹಾಗೆಂದರೇನು ಎಂದು ಕೇಳುತ್ತಿದ್ದ. ಆದರೆ ಅವನು ಕೇಳುವುದು ನನ್ನನ್ನು, ನಾನು ವಿವರಿಸಬೇಕು, ಮತ್ತೆ ದೂರು, ಮತ್ತೆ ಆ ಮೆತ್ತನೆಯ ದನಿ. ಎರಡು ಸೆಕೆಂಡು ಸುಮ್ಮನಿದ್ದೆ. ಆಮೇಲೆ, "ತುಂಬ ಪ್ರೀತಿಯಿಂದ ಸಾಕಿದ್ದಾರೆ," ಎಂದು ದಾಟಿಸಿದೆ.

ಹೆಡ್‌ಫೋನ್ ತೆಗೆದು ಚಹಾ ಮಾಡಿಕೊಂಡೆ. ಮುಂದಿನ ವಾರಕ್ಕೆ ಮರೆತೂ ಬಿಟ್ಟೆ.

ಮೆಟ್ಟಿಲ ಮೇಲೆ ಅಂದೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಬದಲಿಗೆ ಅವನಿಗೆ ಸಹಾಯ ಮಾಡಲು ಶುರುಮಾಡಿದೆ, ತಪ್ಪಿತಸ್ಥರು ಮಾಡುವ ಹಾಗೆ, ಮೈಮೇಲೆ ಬಿದ್ದು.

ಮೇಲ್ಮನವಿಯ ನಿಯಮಗಳನ್ನು ಓದಿದೆ. ಹೆತ್ತವರಿಲ್ಲದ ಮಗುವನ್ನು ಸಾಕಿದವರೂ ತಂದೆತಾಯಿಯ ಲೆಕ್ಕಕ್ಕೆ ಬರುತ್ತಾರೆ ಎಂಬ ಕಲಮು ಹುಡುಕಿಕೊಟ್ಟೆ. ಇಂಥ ಕೇಸುಗಳನ್ನೇ ನಡೆಸುವ ವಕೀಲೆಯ ಬಳಿ ಕರೆದುಕೊಂಡು ಹೋದೆ. ಅರ್ಜಿ ತುಂಬಿದೆ, ಪ್ರತಿ ಮಾಡಿಸಿದೆ, ಸಾಲಿನಲ್ಲಿ ನಿಂತೆ. ಸಾಲಿನಲ್ಲಿ ನಿಂತಾಗ ನಮ್ಮ ಭುಜಗಳು ತಾಗುತ್ತಿದ್ದವು. ಅವನು ಸರಿದುಕೊಳ್ಳುತ್ತಿರಲಿಲ್ಲ, ನಾನೂ ಸರಿಯುತ್ತಿರಲಿಲ್ಲ.

"ನೀವು ಯಾಕೆ ಇಷ್ಟೆಲ್ಲ ಮಾಡ್ತೀರಿ?" ಎಂದು ಒಂದು ದಿನ ಕೇಳಿದ.

"ಸುಮ್ಮನೆ."

"ಸುಮ್ಮನೆ ಯಾರೂ ನಾಲ್ಕು ಗಂಟೆ ನಿಲ್ಲಲ್ಲ." ನನ್ನ ಕಡೆ ನೋಡದೆ, "ನಾನೂ ಸುಮ್ಮನೆ ಆ ಕುರ್ಚಿ ರಿಪೇರಿ ಮಾಡ್ತಿರಲಿಲ್ಲ," ಎಂದ.

ಕಿವಿಯವರೆಗೂ ಬಿಸಿಯಾಯಿತು. ಆ ಬಿಸಿಯ ಅಡಿಯಲ್ಲೇ ಒಂದು ತಣ್ಣನೆಯ ಕಲ್ಲು. ಸುಖ ಬಂದಾಗಲೆಲ್ಲ ಆ ಕಲ್ಲು ಉರುಳುತ್ತಿತ್ತು.

ನಮ್ಮ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆಂದು ಅಪ್ಪ ಗೊಣಗಿದ್ದನ್ನು ಕೇಳಿ, ಒಂದು ಭಾನುವಾರ ಕೀಸುಳಿ ಹಿಡಿದು ಬಂದ. ಬಾಗಿಲನ್ನು ಕಿತ್ತು ಮಲಗಿಸಿ ಕೀಸಿದ. ಸುರುಳಿ ಸುರುಳಿ ಮರ ನಡುಮನೆಯ ತುಂಬ. ಅಪ್ಪ ಯಾರ ಹತ್ತಿರವೂ ಹೇಳದ, ತಾವು ದುಡಿದ ಬಸ್ ಡಿಪೋದ ಕಥೆಗಳನ್ನೆಲ್ಲ ಅವನಿಗೆ ಹೇಳಿದರು. ಹೋಗುವಾಗ ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿ ತೋರಿಸಿದ. "ನೋಡು, ಈಗ ಹೇಳಿದ ಮಾತು ಕೇಳುತ್ತೆ." ಮೊದಲ ಸಲ "ನೋಡು" ಎಂದಿದ್ದ. ಅಂದುಬಿಟ್ಟೆನಲ್ಲ ಎಂದು ಅವನೇ ಗಾಬರಿಯಾಗಿ ಕೀಸುಳಿಯನ್ನು ಚೀಲಕ್ಕೆ ಹಾಕುವ ಬದಲು ಅಪ್ಪನ ಚಪ್ಪಲಿ ಪಕ್ಕ ಇಟ್ಟು ಹೋದ. ಅದನ್ನು ಕೊಡುವ ನೆಪದಲ್ಲಿ ಮರುದಿನ ನಾನು ಅವನ ವರ್ಕ್‌ಶಾಪಿಗೆ ಹೋದೆ.

ಹೀಗೆ ಐದು ತಿಂಗಳು. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನನ್ನ ಅಂಗೈ ತೆಗೆದುಕೊಂಡು, ಮರವನ್ನು ಸವರಿ ನೋಡುವ ಹಾಗೆ ಹೆಬ್ಬೆರಳಿನಿಂದ ಸವರಿದ. "ನಿನ್ನ ಜತೆ ಇದ್ದಾಗ ಊರು ನೆನಪಾಗಲ್ಲ," ಎಂದ. "ಅದು ಒಳ್ಳೇದೋ ಕೆಟ್ಟದ್ದೋ ಗೊತ್ತಿಲ್ಲ." ನಾಳೆ ಹೇಳುತ್ತೇನೆ ಎಂದುಕೊಂಡೆ. ಪ್ರತಿ ನಾಳೆಗೂ ಒಂದು ಕಾರಣ ಸಿಗುತ್ತಿತ್ತು. ಅವನಿಗೆ ಜ್ವರ, ಅಪ್ಪನ ಕಣ್ಣಿನ ಆಪರೇಷನ್, ಅವನು ತುಂಬ ಖುಷಿಯಾಗಿದ್ದಾನೆ, ಅವನು ತುಂಬ ಬೇಜಾರಿನಲ್ಲಿದ್ದಾನೆ.

ನಿಜವಾದ ಕಾರಣ ಒಂದೇ. ಅವನು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಇನ್ನೂ ಸ್ವಲ್ಪ ದಿನ ನೋಡಲಿ ಎಂಬ ಆಸೆ.

ಆರನೇ ತಿಂಗಳಿನಲ್ಲಿ ಶಿಬಿರದಿಂದ ಫೋನ್ ಬಂತು. ನೀರಿನ ನಲ್ಲಿಯ ಸಾಲಿನಲ್ಲಿ ನಿಂತಿದ್ದ ಚಿಕ್ಕಮ್ಮ ಕಾಲು ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

ಸುದ್ದಿ ಹೇಳುವಾಗ ಅವನು ಅಳಲಿಲ್ಲ. ಕೈಯಲ್ಲಿದ್ದ ಮರದ ತುಂಡನ್ನು ಮರಳು ಕಾಗದದಿಂದ ಉಜ್ಜುತ್ತಲೇ ಇದ್ದ, ಅದು ಸವೆದು ಆಕಾರ ಕೆಡುವವರೆಗೆ.

ನಾನು ಲೆಕ್ಕ ಹಾಕಿದೆ. ಚಾಕ್‌ಪೀಸ್ ಮುರಿದ ದಿನವೇ ಬಾಯಿ ಬಿಟ್ಟಿದ್ದರೆ, ಈ ಹೊತ್ತಿಗೆ ಅವರು ಇಲ್ಲಿರುತ್ತಿದ್ದರು. ಮೊದಲನೆಯದನ್ನು ಹೆದರಿಕೆ ಅನ್ನಬಹುದು. ಈ ಆರು ತಿಂಗಳಿಗೆ ಹೆದರಿಕೆ ಅನ್ನಲೂ ಆಗದು.

ಮಾರನೆಯ ದಿನ ರಜೆ ಹಾಕಿ ಒಬ್ಬಳೇ ವಕೀಲೆಯ ಬಳಿ ಹೋದೆ. "ಆ ವಿಚಾರಣೆಯ ರೆಕಾರ್ಡಿಂಗ್ ತರಿಸಿ ಬೇರೆ ದುಭಾಷಿಯಿಂದ ಕೇಳಿಸಬಹುದು, ಆದರೆ ವರ್ಷ ಹಿಡಿಯುತ್ತೆ," ಎಂದಳು. "ಆವತ್ತಿನ ದುಭಾಷಿಯೇ ಬರೆದುಕೊಟ್ಟರೆ ವಾರಗಳಲ್ಲಿ ಆಗುತ್ತೆ. ಆದರೆ ಯಾರು ಬರೆದುಕೊಡ್ತಾರೆ?"

"ನಾನು," ಎಂದೆ.

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. ಒಂದು ಖಾಲಿ ಹಾಳೆ ನನ್ನ ಕಡೆ ಸರಿಸಿದಳು.

ಅದರಲ್ಲಿ ಬರೆದುಕೊಟ್ಟ ಹೇಳಿಕೆಯ ಒಂದು ಪ್ರತಿ ಹಿಡಿದುಕೊಂಡು ಶನಿವಾರ ಮಧ್ಯಾಹ್ನ ವರ್ಕ್‌ಶಾಪಿಗೆ ಹೋದೆ. ಉಳಿದವರು ಹೋಗಿದ್ದರು. ಅವನು ಶಾಲೆಯ ಬೆಂಚೊಂದರ ಮೇಲೆ ಕೂತು ಉಳಿ ಮಸೆಯುತ್ತಿದ್ದ. ನನ್ನನ್ನು ಕಂಡು ಮುಖ ಅರಳಿತು. ಬೆಂಚಿನ ಮೇಲಿನ ಹೊಟ್ಟನ್ನು ತೋಳಿನಿಂದ ಒರೆಸಿ ನನಗೆ ಜಾಗ ಮಾಡಿದ. ನಾನು ಕೂರಲಿಲ್ಲ.

"ಇದನ್ನ ಓದು."

ಇಲ್ಲಿನ ಭಾಷೆಯಲ್ಲಿತ್ತು. ಅವನು ಬೆರಳಿಟ್ಟು ಸಾಲು ಸಾಲಾಗಿ ಓದಿದ. ವರ್ಷದ ಹಿಂದೆ ಆಗಿದ್ದರೆ ಓದಲಾಗುತ್ತಿರಲಿಲ್ಲ. ಒಂದೆರಡು ಪದಗಳ ಹತ್ತಿರ ಬೆರಳು ನಿಂತಿತು, ಎಂದಿನಂತೆ ನನ್ನನ್ನು ಕೇಳಲು ತಲೆಯೆತ್ತಿದ, ಕೇಳದೆ ತಗ್ಗಿಸಿದ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ.

"ಈ ನಂಬರಿನೋಳು ನೀನಾ?"

"ಹೌದು."

"ಆ ದನಿ ನನಗೆ ನೆನಪೇ ಇಲ್ಲ. ನಾನು ಆಫೀಸರ್ ಮುಖ ನೋಡ್ತಿದ್ದೆ." ಹಾಳೆಯನ್ನು ಮಡಿಸಿದ, ಬಿಚ್ಚಿದ. "ಬಾಯಿ ತಪ್ಪಿ ಹಾಗಂದ್ಯಾ? ಅರ್ಥ ಆಗ್ದೆ?"

ಆ ದಾರಿ ನನಗಾಗಿ ಅವನೇ ತೆರೆದಿದ್ದ. ಹೂಂ ಅಂದಿದ್ದರೆ ಸಾಕಿತ್ತು.

"ಇಲ್ಲ. ಅರ್ಥ ಆಗಿತ್ತು. ನನ್ನ ಕೆಲಸಕ್ಕೆ ಹೆದರಿ ಬಿಟ್ಟೆ."

"ಅದು ನಾನೇ ಅಂತ ಯಾವಾಗ ಗೊತ್ತಾಯ್ತು?"

"ಮನೆಮಂದಿ ಪಾಠದ ದಿನ."

ಅವನು ತಿಂಗಳುಗಳನ್ನು ಎಣಿಸುತ್ತಿದ್ದುದು ಮುಖದಲ್ಲೇ ಕಂಡಿತು. ಎಣಿಕೆ ಅಮ್ಮ ಬಿದ್ದ ನಲ್ಲಿಯ ಸಾಲಿನವರೆಗೆ ಬಂದು ನಿಂತಿತು. ಉಳಿಯನ್ನು ಬಟ್ಟೆಯಲ್ಲಿ ಸುತ್ತಿ, ಅದರ ಜಾಗದಲ್ಲಿ ಇಟ್ಟ.

"ನಿಮಗೆ ಬಸ್ಸಿಗೆ ಹೊತ್ತಾಗುತ್ತೆ," ಎಂದ. "ಹೊರಡಿ."

ನಿಮಗೆ. ಹೊರಡಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನ ಹೆಸರನ್ನು ಪಟ್ಟಿಯಿಂದ ತೆಗೆದರು. ಮೇಲ್ವಿಚಾರಕಿ ಈ ಸಲವೂ ಮೆತ್ತಗೇ ಮಾತಾಡಿದಳು. ಆದರೆ "ನಾವು ನಿಮ್ಮನ್ನು ಹೆದರಿಸಿಟ್ಟಿದ್ದೂ ಇದರಲ್ಲಿದೆ, ಅದನ್ನು ನಾನೂ ಬರೆದಿದ್ದೇನೆ," ಎಂದು ಸೇರಿಸಿದಳು. ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಟಿವಿಯನ್ನೇ ನೋಡಿದರು, ಅದು ಆರಿತ್ತು. "ತಲೆ ತಗ್ಗಿಸಿ ಇರು, ಯಾರ ಕಣ್ಣಿಗೂ ಬೀಳಬೇಡ ಅಂತ ನಿನಗೆ ಹೇಳಿಕೊಟ್ಟೋನು ನಾನೇ," ಎಂದರು. ಅವರ ಮೇಲೆ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಕ್ಲಾಸಿನ ಅಕ್ಕತಂಗಿಯರು ಆಸ್ಪತ್ರೆಯ ಲಾಂಡ್ರಿಯಲ್ಲಿ ನನಗೆ ಕೆಲಸ ಕೊಡಿಸಿದರು. ಹಾಸಿಗೆಯ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಮಡಿಸುವ ರೀತಿ, ಬಿಸಿ ಇಸ್ತ್ರಿಯ ರೋಲರಿಗೆ ಬೆರಳು ಕೊಡದ ರೀತಿ, ಎಲ್ಲ ಅವರೇ ಕಲಿಸಿದರು. ಅಕ್ಕ ತಾನು ಕಲಿತ ಇಲ್ಲಿನ ಭಾಷೆಯಲ್ಲಿ, ನನ್ನದೇ ಧಾಟಿಯಲ್ಲಿ, "ನಿಧಾನ. ಮತ್ತೊಮ್ಮೆ ಪ್ರಯತ್ನಿಸಿ," ಎನ್ನುತ್ತಿದ್ದಳು. ತಂಗಿ ಮುಖ ತಿರುಗಿಸಿ ನಗುತ್ತಿದ್ದಳು. ಶನಿವಾರದ ಕ್ಲಾಸಿಗೆ ನಾನು ಹೋಗುತ್ತಿದ್ದೆ. ಬಡಗಿ ಬರುತ್ತಿರಲಿಲ್ಲ.

ಏಳು ವಾರಕ್ಕೆ ಅನುಮತಿ ಬಂತೆಂದು ವಕೀಲೆ ತಿಳಿಸಿದಳು. ಶಿಬಿರದ ಆಸ್ಪತ್ರೆಯವರು ಪ್ರಯಾಣಕ್ಕೆ ಒಪ್ಪುವುದಕ್ಕೆ ಮತ್ತೆ ನಾಲ್ಕು ತಿಂಗಳು.

ಒಂದು ಸಂಜೆ ಕೆಲಸ ಮುಗಿಸಿ ಹೊರಬಂದರೆ ಗೇಟಿನ ಹತ್ತಿರ ಅವನು ನಿಂತಿದ್ದ. ತೆಳ್ಳಗಾಗಿದ್ದ.

"ಅಮ್ಮ ಬಂದಿದಾಳೆ," ಎಂದ. "ಅಪೀಲಿಗೆ ಓಡಾಡಿದ ಹುಡುಗಿ ಎಲ್ಲಿ, ಯಾಕೆ ಕರ್ಕೊಂಡು ಬಂದಿಲ್ಲ ಅಂತ ದಿನಾ ಪ್ರಾಣ ತಿಂತಾಳೆ. ಉಳಿದದ್ದು ನಾನು ಹೇಳಿಲ್ಲ. ಹೇಳೋದಾದ್ರೆ ನೀವೇ ಹೇಳಿ."

ಮರುದಿನವೇ ಹೋದೆ. ಅವರ ಮನೆ ಎರಡೇ ಕೋಣೆ, ಕಿಟಕಿಯ ಬದಿಯಲ್ಲಿ ಅವನೇ ಮಾಡಿದ ಎತ್ತರದ ಕುರ್ಚಿ. ಅದರಲ್ಲಿ ಒಬ್ಬ ಪುಟ್ಟ ಹೆಂಗಸು, ಬಿಗಿಯಾಗಿ ಕಟ್ಟಿದ ತುರುಬು, ಮುಂದೆ ವಾಕರ್. ಬಡಗಿ ಚಹಾ ಇಟ್ಟು ಹೊರಗೆ ಹೋದ.

"ಬಾ ತಾಯಿ. ಈ ಊರಲ್ಲಿ ಎಲ್ಲರೂ ನನ್ನ ನೋಡಿ ನಗ್ತಾರಲ್ಲ, ನನ್ನ ಮುಖದಲ್ಲಿ ಏನಾದ್ರೂ ಅಂಟಿದೆಯಾ?"

"ಇಲ್ಲಮ್ಮ. ಇಲ್ಲಿ ಪರಿಚಯ ಇಲ್ಲದಿದ್ರೂ ನಗ್ತಾರೆ."

"ಸರಿಹೋಯ್ತು. ನಾನು ಎಲ್ಲರಿಗೂ ಕೆಕ್ಕರಿಸಿ ನೋಡ್ಕೊಂಡು ಬಂದೆ."

ನಗು ಬಂತು. ಇನ್ನೊಂದು ನಿಮಿಷ ಕಳೆದರೆ ಹೇಳಲಾರೆ ಎನ್ನಿಸಿ, ಚಹಾದ ಲೋಟವನ್ನು ಕೆಳಗಿಟ್ಟು, ಅವರ ಮುಂದೆ ಮಂಡಿಯೂರಿ ಕೂತು ಎಲ್ಲ ಹೇಳಿದೆ. ದೂರು, ಹಾಳೆಯ ಸದ್ದು, ನಾನು ಬಿಟ್ಟ ಮಾತು, ಆಮೇಲಿನ ಆರು ತಿಂಗಳು. ಒಂದನ್ನೂ ಮೃದು ಮಾಡಲಿಲ್ಲ.

ಅವರು ನಡುವೆ ಬಾಯಿ ಹಾಕದೆ ಕೇಳಿದರು. "ಎಷ್ಟು ಹೊತ್ತಿನ ಮಾತು ಅದು, ನೀನು ಬಿಟ್ಟಿದ್ದು?"

"ಎರಡು ಸೆಕೆಂಡು."

"ನನಗೆ ಎರಡು ವರ್ಷದ ಮೇಲಾಯ್ತು."

ಆಮೇಲೆ ಬೈಯಲು ಶುರುಮಾಡಿದರು. ದನಿ ಏರಿಸದೆ, ಒಂದೊಂದನ್ನೇ ತೆಗೆದು ನನ್ನ ಮುಂದಿಡುವ ಹಾಗೆ. ಗಾಳಿಗೆ ಹಾರಿಹೋದ ಟಾರ್ಪಾಲು. ಪಕ್ಕದ ಡೇರೆಯ ಹೆಂಗಸು ಸತ್ತು ಎರಡು ದಿನ ಯಾರೂ ಬರದೇ ಇದ್ದದ್ದು. ಮಗನ ಫೋನು ಬರುವ ದಿನ ಅಳು ಬರಬಾರದೆಂದು ಮೊದಲೇ ಅತ್ತು ಮುಗಿಸುತ್ತಿದ್ದದ್ದು. ಬಿದ್ದಾಗ ಬಿಂದಿಗೆಯ ನೀರು ಮೈಮೇಲೆ ಚೆಲ್ಲಿ, ಜನ ಮೊದಲು ಬಿಂದಿಗೆ ಎತ್ತಿ ಆಮೇಲೆ ತನ್ನನ್ನು ಎತ್ತಿದ್ದು. ನಾನು ತಲೆಯೆತ್ತಲಿಲ್ಲ. ಕಿವಿ ಮುಚ್ಚಿಕೊಳ್ಳಲೂ ಇಲ್ಲ.

ಸುಸ್ತಾಗಿ ನಿಲ್ಲಿಸಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇಲ್ಲಿಗೆ ಬಂದ ಮೇಲೆ ಬಾಯ್ತುಂಬ ಬೈಯೋಕೆ ಯಾರೂ ಸಿಕ್ಕಿರಲಿಲ್ಲ. ಬೈದ್ರೂ ಯಾರಿಗೂ ತಿಳಿಯಲ್ಲ," ಎಂದರು. ವಾಕರನ್ನು ಹತ್ತಿರಕ್ಕೆ ಎಳೆದುಕೊಂಡು ಮುಂದುವರಿಸಿದರು: "ನಾನಿದನ್ನ ಮರೆಯಲ್ಲ. ಮರೀತೀನಿ ಅಂದ್ರೆ ಸುಳ್ಳಾಗುತ್ತೆ. ಗುರುವಾರ ಕಾಲಿನ ಡಾಕ್ಟರು ಬರೋಕೆ ಹೇಳಿದಾಳೆ. ಅವಳು ಏನು ಹೇಳ್ತಾಳೋ ನನಗೊಂದೂ ಗೊತ್ತಾಗಲ್ಲ. ಅವನಿಗೆ ಕೆಲಸ ಇರುತ್ತೆ. ನೀನು ಬಾ."

ಗುರುವಾರ ಹೋದೆ. ಅದರ ಮುಂದಿನ ಗುರುವಾರವೂ. ವ್ಯಾಯಾಮದ ಹೊತ್ತಿಗೆ ಆ ಡಾಕ್ಟರ್ "ಇನ್ನೊಂದು ಹೆಜ್ಜೆ" ಎಂದರೆ ಚಿಕ್ಕಮ್ಮ, "ಅವಳಮ್ಮನ ಕೈಲಿ ಹಾಕಿಸ್ಲಿ ಅಂತ ಹೇಳು," ಎನ್ನುತ್ತಿದ್ದರು. ನಾನು ಅದನ್ನೂ ದಾಟಿಸಿದೆ. ಡಾಕ್ಟರ್ ಬಿದ್ದು ಬಿದ್ದು ನಕ್ಕಳು.

ಮನೆಗೆ ಬಿಡಲು ಹೋದಾಗ ಬಡಗಿ ಬಾಗಿಲು ತೆರೆಯುತ್ತಿದ್ದ, ಅಮ್ಮನ ತೋಳು ಹಿಡಿದು ಒಳಗೆ ಕರೆದೊಯ್ಯುತ್ತಿದ್ದ, "ಥ್ಯಾಂಕ್ಸ್ ರೀ," ಎನ್ನುತ್ತಿದ್ದ. ನಾನು ಮೆಟ್ಟಿಲು ಇಳಿಯುತ್ತಿದ್ದೆ. ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತಿದ್ದೆ. ಸಾಲದು ಎಂದು ಬಸ್ಸಿನಲ್ಲಿ ಕೂತಾಗ ಗೊತ್ತಾಗುತ್ತಿತ್ತು.

ಒಂಬತ್ತನೇ ಗುರುವಾರ, ಚಿಕ್ಕಮ್ಮ ಒಳಗೆ ಹೋದ ಮೇಲೂ ಅವನು ಬಾಗಿಲಲ್ಲೇ ನಿಂತಿದ್ದ. ನಾನು ಎರಡು ಮೆಟ್ಟಿಲು ಇಳಿದಿದ್ದೆ.

"ಒಂದು ನಿಮಿಷ."

ನಿಂತೆ.

"ಕೋಪ ಇನ್ನೂ ಹೋಗಿಲ್ಲ," ಎಂದ.

"ಹೋಗಲಿ ಅಂತ ನಾನು ಕೇಳಲ್ಲ."

"ಹೋಗೋವರೆಗೂ ಮಾತಾಡೋದು ಬೇಡ ಅಂತಿದ್ದೆ. ಆದರೆ ಅದೊಂದು ಕಡೆ ಇರುತ್ತೆ. ಇನ್ನೊಂದು ಕಡೆ, ದಿನಾ ಏನೋ ಒಂದು ಆಗುತ್ತಲ್ಲ, ಇದನ್ನ ಅವಳಿಗೆ ಹೇಳ್ಬೇಕು ಅಂತ ಅನ್ಸುತ್ತೆ. ಹೇಳೋ ಹಾಗಿಲ್ಲ. ಮಾರನೇ ದಿನ ಇನ್ನೊಂದು." ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ಎಂಟೊಂಬತ್ತು ತಿಂಗಳಿಂದ ಹಾಗೇ ಸೇರ್ಕೊಂಡು ಕೂತಿದೆ. ಯಾರಿಗೆ ಹೇಳಲಿ? ಬಸ್ ಓಡಿಸೋ ಪ್ರೊಫೆಸರಿಗೆ ಒಂದೆರಡು ಹೇಳಿ ನೋಡ್ದೆ. ಅವರ ಮುಖ ನೋಡಿ ನಿಲ್ಲಿಸ್ದೆ."

ಮೆಟ್ಟಿಲಿನ ಕಂಬಿ ಹಿಡಿದುಕೊಂಡು, ಇದನ್ನೂ ಬಚ್ಚಿಡಬಾರದು ಎಂದು ಹೇಳಿಬಿಟ್ಟೆ.

"ನನಗೆ ನೀನು ಬೇಕು. ಹಾಗನ್ನೋ ಹಕ್ಕು ನನಗೆಲ್ಲಿದೆ ಅಂತ ಸುಮ್ಮನಿದ್ದೆ."

"ಮತ್ತೆ ಸುಮ್ಮನಿದ್ಯಾ?" ಎಂದ. ಅವನ ದನಿಯಲ್ಲಿ ನೋವೂ ಇತ್ತು, ನಗುವೂ ಇತ್ತು. ಯಾವುದು ಎಷ್ಟು ಎಂದು ನನಗೆ ಹೇಳಲು ಬರಲಿಲ್ಲ. "ಇನ್ನು ಮೇಲೆ ಏನಿದ್ರೂ ಬಾಯಿಬಿಟ್ಟು ಹೇಳು. ಕೆಟ್ಟದ್ದಾದ್ರೂ ಆವತ್ತೇ ಹೇಳು. ಅಷ್ಟು ಮಾಡಿದ್ರೆ, ಉಳಿದದ್ದು ನಾನು ನೋಡ್ಕೋತೀನಿ. ಒಂದೊಂದು ದಿನ ಆಗಲ್ಲ ನನ್ನ ಕೈಲಿ. ಅಮ್ಮ ಮೆಟ್ಟಿಲ ಹತ್ರ ನಿಂತು ಮೇಲೆ ನೋಡೋದು ಕಂಡ್ರೆ ಆಗಲ್ಲ. ಆವತ್ತು ನಾನು ಮಾತಾಡದೇ ಇರಬಹುದು."

"ಇರು. ನಾನು ಇಲ್ಲೇ ಇರ್ತೀನಿ."

ಅವನು ಮೆಟ್ಟಿಲು ಇಳಿದು ಬಂದು ನನಗಿಂತ ಒಂದು ಮೆಟ್ಟಿಲು ಮೇಲೆ ನಿಂತ. ನನ್ನ ಕಣ್ಣೀರು ಒರೆಸಲು ಕೈ ಎತ್ತಿದವನು, ಬೆರಳಿಗೆ ಅಂಟಿದ್ದ ವಾರ್ನಿಷ್ ನೋಡಿ, ಶರ್ಟಿನ ತೋಳಿನ ತುದಿಯನ್ನು ಎಳೆದುಕೊಂಡು ಅದರಿಂದ ಒರೆಸಿದ. ಬಹಳ ಹೊತ್ತು ಒರೆಸಿದ, ಅಷ್ಟೊಂದು ನೀರಿರಲಿಲ್ಲ.

"ಮೊದಲನೇದು ಹೇಳ್ಲಾ?" ಎಂದ.

"ಹೇಳು."

"ಶಾಲೆಯಿಂದ ನಲವತ್ತು ಬೆಂಚು ಬಂದಿತ್ತು. ತಿರುಗಿಸಿದ್ರೆ ಒಂದರ ಅಡೀಲಿ ನಮ್ಮ ಲಿಪೀಲಿ ಯಾವುದೋ ಮಗು ಬರೆದಿದೆ, 'ನನಗೆ ಇಲ್ಲಿ ಯಾರೂ ಗೊತ್ತಿಲ್ಲ' ಅಂತ. ಅದರ ಕೆಳಗೆ ಇಲ್ಲಿನ ಭಾಷೇಲಿ ಇನ್ಯಾವುದೋ ಮಗು ಬರೆದಿದೆ, 'ಇದು ಯಾವ ಚಿತ್ರ? ಚೆನ್ನಾಗಿದೆ' ಅಂತ. ಉಜ್ಜಿ ಅಳಿಸಬೇಕಿತ್ತು. ಅಳಿಸಲಿಲ್ಲ. ಹಾಗೇ ಕಳಿಸ್ಬಿಟ್ಟೆ."

"ಯಾವತ್ತು ಇದು?"

"ನೀನು ಹೋದ ಮೂರನೇ ದಿನ."

ಒಳಗಿನಿಂದ ವಾಕರಿನ ಟಕ್ ಟಕ್ ಸದ್ದು ನಿಧಾನವಾಗಿ ಹತ್ತಿರ ಬಂತು. ಆ ಸದ್ದು ಕೇಳಿದಾಗಲೆಲ್ಲ ನನ್ನೊಳಗೆ ಏನೋ ಮುದುಡಿಕೊಳ್ಳುತ್ತದೆ. ಈಗಲೂ, ಮದುವೆಯಾಗಿ ಇಷ್ಟು ವರ್ಷವಾದ ಮೇಲೂ.

"ಬಾಗಿಲು ತೆರೆದಿಟ್ಟು ಏನ್ರೋ ಅದು ಮೆಟ್ಟಿಲ ಮೇಲೆ?" ಎಂದರು ಚಿಕ್ಕಮ್ಮ. "ನನಗೆ ಚಳಿ. ಮಾತಾಡೋದಿದ್ರೆ ಒಳಗೆ ಬಂದು ಮಾತಾಡಿ. ನನಗೂ ಕೇಳಲಿ."

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನು ಒಳಗೆ ಹೋದೆ.